ತಾಮ್ರಯ್ಯನಿಗೆ ಇಲ್ಲದ ಹಕಾರ

ಹೂವು ಅಂದಮೇಲೆ ಕೊಳೆತರೂ ಒಂದಿಷ್ಟು ಮರ್ಯಾದೆ ಉಳಿಸಿಕೊಂಡಿರುತ್ತದೆ ಎಂದು ನೀವು ಅಂದುಕೊಂಡಿದ್ದರೆ, ಮಳೆಗಾಲದಲ್ಲಿ ಒಮ್ಮೆ ಗುಂಡ್ಲುಪೇಟೆ ಕಡೆ ಬನ್ನಿ. ಬಣ್ಣ ತೆಗೆಯುವುದಕ್ಕೆಂದು ಚೆಂಡುಹೂವನ್ನು ಗುಂಡಿಯಲ್ಲಿ ತುಳಿದು ತುಂಬಿ ಹುಳಿ ಬರಿಸುತ್ತಾರೆ. ಆ ವಾಸನೆ ಮೂಗಿನಲ್ಲಿ ನಿಲ್ಲುವುದಿಲ್ಲ, ಸೀದಾ ಗಂಟಲಿಗೆ ಇಳಿಯುತ್ತದೆ. ಹೋದ ತಿಂಗಳು ಭೀಮನಬೀಡಿನಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದ್ದೆ. ಮುಂದೊಂದು ಹೂವಿನ ಲಾರಿ ಕಂದು ರಸ ಸುರಿಸುತ್ತಾ ಹೋಗುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಥೂ, ಮುಡ್ಕೊಳೋ ಊವ ಇಂಗೂ ಮಾಡಾರಾ" ಎಂದಳು. ಅವಳು "ಊವ" ಅಂದದ್ದೇ ತಡ, ನನಗೆ ತಾಮ್ರಯ್ಯ ನೆನಪಾದ. ಹಿಂದೆಯೇ ಆ ವರ್ಷ ಪೂರ್ತಿ ನೆನಪಾಯಿತು. ವಾಕರಿಕೆ ಬಂದದ್ದು ಲಾರಿಯಿಂದಲೋ ನೆನಪಿನಿಂದಲೋ ಗೊತ್ತಾಗಲಿಲ್ಲ.

ತಾಮ್ರಯ್ಯ ಮನುಷ್ಯನಲ್ಲ. 'ತಾರಾದಂಡು' ಎಂಬ ಪಾಕೆಟ್ ಕಾದಂಬರಿ ಮಾಲೆಯ ತಾಮ್ರದ ಯಂತ್ರಮಾನವ. ನಮ್ಮ ಅಪ್ಪಂದಿರ ಕಾಲದಲ್ಲಿ ಶುರುವಾದ ಮಾಲೆ ಅದು. ದಳಪತಿ ವೀರಸೇನ ಗಗನನೌಕೆಯಲ್ಲಿ ಒಂದೊಂದು ತಿಂಗಳು ಒಂದೊಂದು ಗ್ರಹಕ್ಕೆ ಹೋಗುತ್ತಾನೆ, ಅಲ್ಲಿಯ ದುಷ್ಟನನ್ನು ಬಡಿಯುತ್ತಾನೆ, ವಾಪಸ್ಸು ಬರುತ್ತಾನೆ. ಜೊತೆಗಿರುವ ತಾಮ್ರಯ್ಯ ಪ್ರತಿ ಪುಸ್ತಕದಲ್ಲೂ "ಆಜ್ಞೆಯಾಗಲಿ, ದಳಪತಿಗಳೇ" ಎನ್ನುತ್ತಾನೆ. ಉಮ್ಮತ್ತೂರಿನ ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಯ ಅಟ್ಟದ ಮೇಲೆ ಕೂತು ಆ ಪುಸ್ತಕಗಳನ್ನು ಓದಿ ಬೆಳೆದವನು ನಾನು. ಶುಕ್ರಗ್ರಹ ಅಂದರೆ ಈಗಲೂ ನನಗೆ ಒಣಹುಲ್ಲಿನ ವಾಸನೆ ಬರುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಗುಂಡ್ಲುಪೇಟೆಯ ಒಂದು ಕಚೇರಿಗೆ ಗುಮಾಸ್ತನಾಗಿ ನನ್ನನ್ನು ಹಾಕಿದ್ದರು. ಅಲ್ಲಿದ್ದದ್ದು ಒಂದೇ ವರ್ಷ. ಭಾನುವಾರ ಬಂತೆಂದರೆ ಚಾಮರಾಜನಗರಕ್ಕೆ ಓಡುತ್ತಿದ್ದೆ, ಯಾಕೆಂದರೆ ಅಲ್ಲಿ ದಿನಸಿ ಅಂಗಡಿಯೊಂದರ ಮಹಡಿಯ ಮೇಲೆ ತಾರಾದಂಡು ಅಭಿಮಾನಿ ಬಳಗ ಸೇರುತ್ತಿತ್ತು. ಕೆಳಗಿನ ಒಣಮೆಣಸಿನಕಾಯಿ ಘಾಟಿಗೆ ಎಲ್ಲರೂ ಸೀನುತ್ತಾ ಕೂರುತ್ತಿದ್ದೆವು. ಮೊದಲು ಎಲ್ಲರೂ ಎದ್ದು ನಿಂತು, "ಆಗ್ನೆಯಾಗ್ಲಿ ದಳಪತಿಗಳೇ" ಎನ್ನಬೇಕು. ಆಮೇಲೆ ಜಗಳ.

ಜಗಳ ಯಾವತ್ತೂ ಒಂದೇ. ಮಾಲೆಯ ಮೂಲ ಲೇಖಕರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಯಾರ್ಯಾರೋ ಬರೆದು ಮಾಲೆಯನ್ನು ಎಳೆಯುತ್ತಿದ್ದರು. ಬಳಗದ ಅಧ್ಯಕ್ಷರು ಸಿದ್ದಮಲ್ಲಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಹೇಳುವವರು. ಅವರ ಪ್ರಕಾರ ಹಳೆಯ ಪುಸ್ತಕಗಳಲ್ಲಿ ಇದ್ದದ್ದೆಲ್ಲ ಅಮೃತ. "ಅಳೇದೇ ಒಳ್ಳೇದು ಕಣ್ಲಾ" ಎಂದು ಅವರು ಮೇಜು ಗುದ್ದಿದರೆ ಅರ್ಧ ಬಳಗ ತಲೆದೂಗುತ್ತಿತ್ತು. ಇನ್ನರ್ಧಕ್ಕೆ ಚಂದಕವಾಡಿಯ ಗುರುಸ್ವಾಮಿ ನಾಯಕ. ಗೊಬ್ಬರದ ಅಂಗಡಿ ಇಟ್ಟಿದ್ದ, ಮನೆಗೆ ಕೇಬಲ್ ಹಾಕಿಸಿದ್ದ. "ಅಳೇದು ಅಳೇದು ಅಂತ ಎಷ್ಟು ದಿನ ಮೇಯ್ತೀರಿ ಮೇಷ್ಟ್ರೇ, ಒಸದು ಬೇಕು, ಒಸದು!" ಎಂದು ಅವನು ಕೂಗುತ್ತಿದ್ದ. ಅವನ ಹೊಸದು ಏನೆಂದು ಕೇಳಿದರೆ, ಹಿಂದಿನ ರಾತ್ರಿ ಕೇಬಲ್ಲಿನಲ್ಲಿ ನೋಡಿದ ಇಂಗ್ಲಿಷ್ ಸಿನಿಮಾವನ್ನು ಹಾಗೇ ಒಪ್ಪಿಸುತ್ತಿದ್ದ. ಒಬ್ಬ ತನ್ನ ಎಂಜಲನ್ನೇ ತಿನ್ನುತ್ತಿದ್ದ, ಇನ್ನೊಬ್ಬ ಪರರದ್ದನ್ನು. ಆದರೂ ವಾರವಾರ ಹೋಗಿ ಕೂರುತ್ತಿದ್ದೆ. ಆ ಊರಿನಲ್ಲಿ ಶುಕ್ರಗ್ರಹದ ಬಗ್ಗೆ ಮಾತಾಡಲು ಬೇರೆ ಯಾರು ಸಿಗುತ್ತಿದ್ದರು?

ಒಬ್ಬಳು ಸಿಕ್ಕಿದಳು, ಅದೂ ಗುಂಡ್ಲುಪೇಟೆಯಲ್ಲಿ. ಬಸ್ ನಿಲ್ದಾಣದ ಹತ್ತಿರ ಮಂಜುಳಾ ಎನ್ನುವವಳು ಎಸ್‌ಟಿಡಿ ಬೂತ್ ನಡೆಸುತ್ತಿದ್ದಳು. ಭೀಮನಬೀಡಿನವಳು, ಪಿಯುಸಿವರೆಗೆ ಓದಿದ್ದವಳು. ಊರಿಗೆ ಫೋನು ಮಾಡಲು ನಾನು ದಿನಾ ಸಂಜೆ ಹೋಗುತ್ತಿದ್ದೆ. ಒಂದು ದಿನ ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿ, "ಅಣ್ಣ, ಅದ್ರಲ್ಲಿ ಕಡೇಗೆ ವೀರಸೇನನೇ ಗೆಲ್ತನೆ. ಓದ್ಬೇಡಿ, ಬುಡಿ" ಎಂದಳು. ಅಲ್ಲಿಂದ ನಮ್ಮ ಸ್ನೇಹ.

ಜನ ಆಗಲೇ ಮೊಬೈಲು ಇಟ್ಟುಕೊಳ್ಳುತ್ತಿದ್ದರು, ಬೂತಿಗೆ ಬರುವವರು ಕಡಿಮೆಯಾಗಿದ್ದರು. ಕೇರಳಕ್ಕೆ ಹೂವು ಒಯ್ಯುವ ಲಾರಿಯವರು, ಮೈಸೂರಿನ ಆಸ್ಪತ್ರೆಯಲ್ಲಿರುವವರ ಮನೆಯವರು, ಇಂಥವರು ಬಂದು ಕೂಗಿ ಕೂಗಿ ಮಾತಾಡಿ ಹೋಗುತ್ತಿದ್ದರು. ಮಂಜುಳಾ ಗಾಜಿನ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಹೇಳಿದಳು: "ಲೈನು ಕೆಟ್ಟಾಗ ಮೊದ್ಲು ಕಾಣೆ ಆಗೋದು ಯಾವ ಅಕ್ಷರ ಗೊತ್ತಾ ಅಣ್ಣ? ಹ. ಉಸುರು ತಾನೆ ಅದು, ತಂತೀಲಿ ಓಗಲ್ಲ. ನಮ್ಮೋರಿಗೆ ಲೈನು ಕೆಡೋದೇ ಬೇಡ, ಮೊದ್ಲೇ ಇಲ್ಲ." ಹೇಳುವಾಗ ಆ ಒಂದು ಅಕ್ಷರಕ್ಕೆ ಮಾತ್ರ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡಳು. ಉಸಿರು ತಾಗಿದರೆ ಹಕಾರ ಬಂತು ಎಂದು ಲೆಕ್ಕವಂತೆ. ನಾನೂ ಹಿಡಿದು ನೋಡಿದೆ. "ಹಾಲು" ಎಂದೆ. ಅಂಗೈಗೆ ಏನೂ ತಾಗಲಿಲ್ಲ. ಇಬ್ಬರೂ ನಕ್ಕೆವು.

ಆ ಜೂನ್‌ನಲ್ಲಿ ಮಾಲೆಯ ಪ್ರಕಾಶಕರು ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಒಂದು ಪ್ರಕಟಣೆ ಹಾಕಿದರು. ಮಾಲೆ ನಿಲ್ಲುವ ಸ್ಥಿತಿಯಲ್ಲಿದೆ, ಅಭಿಮಾನಿ ಬಳಗಗಳು ತಲಾ ಒಂದು ಕಥೆ ಕಳಿಸಲಿ, ಚೆನ್ನಾಗಿದ್ದದ್ದನ್ನು ಮುಂದಿನ ಪುಸ್ತಕವಾಗಿ ತರುತ್ತೇವೆ, ಅದನ್ನು ಬರೆದವರಿಗೇ ಮಾಲೆಯನ್ನು ಮುಂದುವರಿಸಲು ಕೊಡುತ್ತೇವೆ ಎಂದು. ಮಂಜುಳಾ ಅದನ್ನು ಎಷ್ಟು ಸಲ ಓದಿದಳೋ. "ಬೂತು ಇವತ್ತೋ ನಾಳೆಯೋ ಮುಚ್ಚೋದೇ ಅಣ್ಣ. ಮುಚ್ಚಿದ್ಮೇಲೆ ಊವ ಕುಯ್ಯೋಕೆ ಓಗ್ಬೇಕು. ಇದೊಂದು ಆದ್ರೆ ನಾನು ಬರೆಯೋಳಾಯ್ತೀನಿ" ಎಂದಳು. ನಾಚಿಕೆಯಿಲ್ಲದೆ, ನೇರವಾಗಿ ಹಾಗೆ ತಮ್ಮ ಆಸೆ ಹೇಳಿಕೊಂಡವರನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಮಳೆ ಹಿಡಿಯಿತು. ಹೊಲಗಳೆಲ್ಲ ಹಳದಿಯಾದವು, ರಸ್ತೆ ತುಂಬ ಹೂವಿನ ಮೂಟೆಗಳು. ಅವಳು ಬೂತಿನಲ್ಲಿ ಕೂತು ಬರೆದಳು. ಮುಗಿದ ದಿನ ಹಾಳೆಗಳನ್ನು ನನ್ನ ಕೈಗಿಟ್ಟು, ಗಿರಾಕಿ ಇಲ್ಲದಿದ್ದರೂ ಫೋನು ಒರೆಸುತ್ತಾ ನಿಂತಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದೆ.

ಅವಳ ಕಥೆಯಲ್ಲಿ ತಾಮ್ರಯ್ಯ ಗಗನನೌಕೆಯಿಂದ ಜಾರಿ ಒಂದು ಚೆಂಡುಹೂವಿನ ಹೊಲದಲ್ಲಿ ಬೀಳುತ್ತಾನೆ. ಬಿದ್ದ ಪೆಟ್ಟಿಗೆ ಅವನೊಳಗಿದ್ದ ಮಾತೆಲ್ಲ ಅಳಿಸಿಹೋಗಿರುತ್ತದೆ. ಹೂವು ಕೊಯ್ಯುವ ಕೆಂಪಜ್ಜಿ ಅವನನ್ನು ಹಕ್ಕಿ ಬೆದರಿಸಲು ಯಾರೋ ನೆಟ್ಟ ಬೆರ್ಚಪ್ಪ ಅಂದುಕೊಂಡು, ದಿನವೂ ಕೊಯ್ಯುತ್ತಾ ಅವನ ಜೊತೆ ಮಾತಾಡುತ್ತಾಳೆ. ತಾಮ್ರಯ್ಯ ಮಾತು ಕಲಿಯುವುದು ಅವಳಿಂದ. ಅವಳ ಬಾಯಲ್ಲಿ ಹಕಾರ ಇಲ್ಲ, ಅವನಿಗಂತೂ ಉಸಿರೇ ಇಲ್ಲ. ಆಮೇಲೆ ವೀರಸೇನ ಬಂದು ಅವನನ್ನು ಕರೆದೊಯ್ಯುತ್ತಾನೆ. ಶತ್ರುಗಳು ಮುತ್ತಿದಾಗ ದಳಪತಿ "ಹಾರು!" ಎಂದು ಕೂಗುತ್ತಾನೆ. ತಾಮ್ರಯ್ಯನಿಗೆ ಗೊತ್ತಿರುವುದು "ಆರು". ಆಜ್ಞೆಯಂತೆ ಎಂಜಿನ್ನನ್ನು ಆರಿಸಿಬಿಡುತ್ತಾನೆ. ಕತ್ತಲಾದ ನೌಕೆ ಶತ್ರುಗಳ ಕಣ್ಣಿಗೇ ಬೀಳದೆ ಎಲ್ಲರೂ ಬದುಕುತ್ತಾರೆ.

ಇಲ್ಲಿಯವರೆಗೆ ನಗುತ್ತಲೇ ಓದಿದೆ. ಕೊನೆಯಲ್ಲಿ ತಾಮ್ರಯ್ಯ ಹೊಲಕ್ಕೆ ಮರಳುತ್ತಾನೆ. ಕೆಂಪಜ್ಜಿ ಬದುವಿನ ಮೇಲೆ ಸಾಯುತ್ತಿದ್ದಾಳೆ. ಅವನು ತಾಮ್ರದ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿಯುತ್ತಾನೆ, ತಾಮ್ರ ಮಂಜಾಗುತ್ತದೆ. ಬದುಕಿದ್ದಷ್ಟು ದಿನ ಆಡದ ಹಕಾರವನ್ನು ಅಜ್ಜಿ ಕೊನೆಯುಸಿರಿನಲ್ಲಿ ಅವನ ಕೈಗೆ ಬಿಟ್ಟು ಹೋಗುತ್ತಾಳೆ. ಅವನು ಆ ಕೈಯನ್ನು ಬಾಯಿಗೆ ಒತ್ತಿಕೊಂಡು, ಹೊಲದ ಕಡೆ ನೋಡಿ, ಕಥೆಯಲ್ಲಿ ಮೊದಲನೇ ಸಲ ಹೇಳುತ್ತಾನೆ: "ಹೂ."

ಅಷ್ಟೇ. ಆ ಒಂದು ಅಕ್ಷರಕ್ಕೇ ಕಥೆ ಮುಗಿಯುತ್ತದೆ. ಆ ಪುಟವನ್ನು ಇನ್ನೊಮ್ಮೆ ಓದಿದೆ. ತಾರಾದಂಡಿನ ಅಷ್ಟೂ ಪುಸ್ತಕಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಅದನ್ನು ಅವಳಿಗೆ ಹೇಳಿದೆ. "ನಿಜ್ವಾಗ್ಲೂನಾ?" ಎಂದು ಕೇಳಿ, ಒರೆಸಿದ ಫೋನನ್ನೇ ಮತ್ತೆ ಒರೆಸಿದಳು.

ಹಾಳೆಗಳನ್ನು ಮೇಷ್ಟ್ರ ಕೈಗೆ ಕೊಟ್ಟವನು ನಾನೇ. ಮುಂದಿನ ಭಾನುವಾರಕ್ಕೆ ಮಂಜುಳಾಳನ್ನೂ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಸ್ಸಿನಲ್ಲಿ ಸುಕ್ಕಾಗಬಾರದೆಂದು ನಡುದಾರಿಯ ತೆರಕಣಾಂಬಿವರೆಗೆ ನಿಂತೇ ಬಂದಳು. ಆ ಮಹಡಿಗೆ ಅದುವರೆಗೆ ಹೆಂಗಸರು ಬಂದದ್ದಿರಲಿಲ್ಲ. ಕೂರಲು ಕುರ್ಚಿ ಕೊಡಬೇಕೋ ಬೇಡವೋ ಎಂಬುದೇ ಬಳಗಕ್ಕೆ ದೊಡ್ಡ ಸಮಸ್ಯೆಯಾಗಿ, ಕಡೆಗೆ ಅಕ್ಕಿ ಮೂಟೆಯ ಮೇಲೆ ಕೂರಿಸಿದರು.

ಮೇಷ್ಟ್ರು ಹಾಳೆ ಬಿಚ್ಚಿದರು. ಹಾಳೆಯ ತುಂಬ ಕೆಂಪು. ತಾಮ್ರಯ್ಯನ ಮಾತು ಬಂದ ಕಡೆಯೆಲ್ಲ, ಕೆಂಪಜ್ಜಿಯ ಮಾತು ಬಂದ ಕಡೆಯೆಲ್ಲ, ಕೆಂಪು ಇಂಕಿನಲ್ಲಿ ಹ ಹ ಹ ಎಂದು ತಿದ್ದಿಟ್ಟಿದ್ದರು. "ಊವ" ಇದ್ದಲ್ಲಿ "ಹೂವು". "ಓಗು" ಇದ್ದಲ್ಲಿ "ಹೋಗು". ತಾಮ್ರಯ್ಯನ "ಆರು" ಕೂಡ "ಹಾರು" ಆಗಿತ್ತು. ಹಾಗೆ ತಿದ್ದಿದ ಮೇಲೆ, ಹಾರು ಎಂದರೆ ಅವನು ಎಂಜಿನ್ ಏಕೆ ಆರಿಸಿದ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಮೇಷ್ಟ್ರು ಅಂಚಿನಲ್ಲಿ ಗೀಟೆಳೆದು, "ಇಲ್ಲಿ ತರ್ಕದೋಷ" ಎಂದೂ ಬರೆದಿದ್ದರು.

"ಕತೆ ಪರವಾಗಿಲ್ಲ ಕಣಮ್ಮಿ" ಎಂದರು ಮೇಷ್ಟ್ರು. "ಆದ್ರೆ ಬಾಸೆ ಇಲ್ಲ. ತಾಮ್ರಯ್ಯ ಯಾರು? ಅವ್ನು ಸುದ್ದ ಕನ್ನಡ ಮಾತಾಡೋನು. ಅವ್ನ ಬಾಯಲ್ಲಿ ಊವ, ಓಗು, ಬಾರ್ಲಾ ಅಂತ ಆಡ್ಸಿದೀಯಲ್ಲ, ಓದ್ದೋರು ಏನಂದಾರು? ನಮ್ಮಂಗೆ ಮಾತಾಡೋಕೆ ಅವ್ನೇನು ದನ ಕಾಯೋನಾ?"

ಮಂಜುಳಾ ಮೂಟೆಯಿಂದ ಎದ್ದಳು. "ಸಾ, ಅವನ್ಗೆ ಉಸ್ರಿಲ್ಲ. ಅದ್ಕೇ ಆ ಅಕ್ಷರ ಬರಲ್ಲ. ಕಡೇಲಿ ಒಂದೇ ಸಲ ಬತ್ತದೆ. ನೀವು ಮೊದ್ಲಿಂದ್ಲೂ ಆಕ್ಬುಟ್ರೆ ಕಡೇದು ಯಾಕೆ ಬತ್ತದೆ?"

"ತಾಳವ್ವ, ನಾನು ಓದ್ತೀನಿ, ಎಂಗೆ ಕೇಳ್ಸತದೆ ನೋಡು" ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ತಾವು ತಿದ್ದಿದ ಕನ್ನಡವನ್ನು ಜೋರಾಗಿ, ತರಗತಿಯಲ್ಲಿ ಓದುವಂತೆ ಓದತೊಡಗಿದರು. "ಅಜ್ಜಿ, ಊವು ಎಲ್ಲಿಗೆ ಓಗುತ್ತದೆ?"

ನಾನು ಮಂಜುಳಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಹಾಳೆಯ ಮೇಲೆ ಅಷ್ಟು ಕೆಂಪಗೆ ಬರೆದಿದ್ದ ಒಂದೊಂದು ಹಕಾರವೂ ಮೇಷ್ಟ್ರ ಬಾಯಿಗೆ ಬಂದು ಮಾಯವಾಗುತ್ತಿತ್ತು. ದಳಪತಿ "ಆರು!" ಎಂದ, ತಾಮ್ರಯ್ಯ "ಆರು" ಎಂದ. ಅವಳು ಬರೆದದ್ದನ್ನೇ, ಅವಳು ಬರೆದಂತೆಯೇ ಅವರು ಓದುತ್ತಿದ್ದರು. ಬಳಗದ ಒಬ್ಬರಿಗೂ ಅದು ಗೊತ್ತಾಗಲಿಲ್ಲ. "ಈಗ ಎಂಗದೆ ನೋಡಿ, ಈಗ ಸುದ್ದವಾಯ್ತು" ಎಂದು ತಲೆದೂಗಿದರು. ಮಂಜುಳಾ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಒಂದು ಗಳಿಗೆ ಎಲ್ಲ ಸರಿಹೋಯಿತು ಎಂದೇ ನಾನು ಅಂದುಕೊಂಡೆ.

ಕೊನೆಯ ಪುಟ ಬಂತು. ಅಜ್ಜಿಯ ಉಸಿರು, ತಾಮ್ರದ ಅಂಗೈ. ಮೇಷ್ಟ್ರು ತಾಮ್ರಯ್ಯನ ಕೊನೆಯ ಮಾತನ್ನು ಓದಿದರು.

"ಊ."

ಓದಿ, ಹಾಳೆ ಮಡಚಿಟ್ಟರು. ಮಂಜುಳಾಳ ನಗು ನಿಂತಿತು. "ಸಾ, ಅದೊಂದು ನಾನು ಓದ್ತೀನಿ" ಎಂದು ಕೈ ಚಾಚಿದಳು. "ಓದಿ ಆಯ್ತಲ್ಲವ್ವ" ಎಂದರು ಮೇಷ್ಟ್ರು. "ಇನ್ನೇನ ಓದೀಯೆ?" ನಾನು ಎದ್ದು, ಮೇಷ್ಟ್ರೇ ನೀವು ಆ ಅಕ್ಷರ ಓದಲೇ ಇಲ್ಲ ಎಂದೆ. "ನನ್ಗೇ ಕನ್ನಡ ಏಳ್ಕೊಡೋಕೆ ಬಂದ್ಯಾ ನಾಗ?" ಎಂದು ಅವರು ಉರಿದುಬಿದ್ದರು. ಗುರುಸ್ವಾಮಿ ನಡುವೆ ಬಾಯಿ ಹಾಕಿ, "ಊವೂ ಬೇಡ ಕಾಯೂ ಬೇಡ. ತಾಮ್ರಯ್ಯ ಇಂಗ್ಲೀಸ್ನಲ್ಲಿ ಮಾತಾಡ್ಲಿ, ಕೈಲಿ ಲೇಸರ್ ಗನ್ ಕೊಡಿ, ಅಜ್ಜೀನ ತಗ್ದು ಒಬ್ಳು ವಯಸ್ಸಿನ ಉಡ್ಗೀನ ಆಕಿ. ಒಸ ಟ್ರೆಂಡು" ಎಂದ. ಹಳೇದರವರು, ಹೊಸದರವರು ಒಬ್ಬರ ಮೇಲೊಬ್ಬರು ಬಿದ್ದರು. ಮಂಜುಳಾ ನಿಂತಿದ್ದಾಳೆ ಎನ್ನುವುದೇ ಯಾರಿಗೂ ನೆನಪಿರಲಿಲ್ಲ. ಅಷ್ಟು ಹೊತ್ತಿಗೆ ಅವಳು ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡಿದ್ದಳು. "ಇದ್ನ ಕಳುಸ್ಬೇಡಿ ಸಾ" ಎಂದು ಹೇಳಿ ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ನಾನು ಸಮಾಧಾನ ಹೇಳಹೊರಟೆ. ನಾವೇ ನೇರವಾಗಿ ಪ್ರಕಾಶಕರಿಗೆ ಕಳಿಸೋಣ ಎಂದೆ. "ಬಳಗದ ಮುದ್ರೆ ಇಲ್ದೆ ತಕ್ಕಳಲ್ಲ ಅಂತ ಬರ್ದವ್ರೆ ಅಣ್ಣ" ಎಂದಳು. ಸೀರೆ ಸುಕ್ಕಾಗುವುದನ್ನು ಲೆಕ್ಕಿಸದೆ ಕಿಟಕಿಗೆ ಒರಗಿ ಕೂತಳು. ಗುಂಡ್ಲುಪೇಟೆ ಹತ್ತಿರವಾದಂತೆ ಹೂವಿನ ಗುಂಡಿಯ ವಾಸನೆ ಒಳಗೆ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರು, ಅವಳೊಬ್ಬಳು ಮುಚ್ಚಿಕೊಳ್ಳಲಿಲ್ಲ. ನಾನು ಬಳಗಕ್ಕೆ ಮತ್ತೆ ಕಾಲಿಡಲಿಲ್ಲ.

ಮುಂದಿನದನ್ನು ನೆನೆದರೆ ಇನ್ನೂ ಹೇಸಿಗೆ. ಬಳಗದ ಹೆಸರಿನಲ್ಲಿ ಮೇಷ್ಟ್ರು ತಮ್ಮದೇ ಕಥೆ ಕಳಿಸಿದರು. ಹಳೆಯ ಪುಸ್ತಕಗಳಲ್ಲಿ ಜನ ಮೆಚ್ಚಿದ ಸನ್ನಿವೇಶಗಳನ್ನೆಲ್ಲ ಹೆಕ್ಕಿ ಸಾಲಾಗಿ ಪೋಣಿಸಿದ್ದ ಕಥೆ. ದೀಪಾವಳಿ ಹೊತ್ತಿಗೆ ಪುಸ್ತಕ ಬಂತು, ಹೆಸರು ಮಾತ್ರ ಬೇರೆ ಊರಿನ ಬಳಗದವರದು. ಮೇಷ್ಟ್ರು ಅದನ್ನು ಓದಿ, ಇದು ನನ್ನದೇ, ಕದ್ದಿದ್ದಾರೆ ಎಂದು ರಂಪ ಮಾಡಿದರು. ಆಮೇಲೆ ನೋಡಿದರೆ ಇನ್ನೂ ಹಲವು ಬಳಗಗಳ ಅಧ್ಯಕ್ಷರು ಅದು ತಮ್ಮದೇ ಎಂದು ಪ್ರಕಾಶಕರ ಜೊತೆ ಜಗಳಕ್ಕೆ ನಿಂತಿದ್ದರಂತೆ. ಯಾರೂ ಕದ್ದಿರಲಿಲ್ಲ. ಎಲ್ಲರೂ ಅದೇ ಹಳಸಲನ್ನು ಅದೇ ಕ್ರಮದಲ್ಲಿ ಬಡಿಸಿದ್ದರು. ಕೊಂಡು ಓದಿದ ಅದೇ ಜನ, "ಅಳೇದರಂಗಿಲ್ಲ ಬುಡು" ಎಂದರು. ಮಾಲೆ ಅದರೊಂದಿಗೆ ನಿಂತಿತು. ಸಂಕ್ರಾಂತಿ ಮುಗಿದು ಬೂತಿನ ಬಾಗಿಲೂ ಮುಚ್ಚಿತು. ನನಗೂ ವರ್ಗವಾಯಿತು. ಮುಂದಿನ ಮಳೆಗಾಲ ಮಂಜುಳಾ ಹೂವು ಕೊಯ್ಯಲು ಹೋದಳು ಎಂದು ಯಾರೋ ಹೇಳಿದರು.

ಹೋದ ತಿಂಗಳು ನಾನು ಬಸ್ಸು ಹತ್ತಿದ್ದು ಆ ಬಳಗದ್ದೇ ನೆನಪಿನ ಕೂಟಕ್ಕೆ. ಯಾಕೆ ಹೋದೆನೋ. ಕೆಟ್ಟು ನಾರುತ್ತಿರುವುದನ್ನು ಮತ್ತೊಮ್ಮೆ ಮೂಸುವ ಚಟ ಮನುಷ್ಯನಿಗೆ ಇರುತ್ತದೆಯಲ್ಲ, ಹಾಗೆ. ಒಂದು ಕಲ್ಯಾಣಮಂಟಪದ ಊಟದ ಹಾಲ್. ಗೋಡೆಗೆ ಹಳೆಯ ರಕ್ಷಾಪುಟಗಳ ಬ್ಯಾನರು. ಗುರುಸ್ವಾಮಿಯೂ ಹೊಟ್ಟೆ ಬಿಟ್ಟುಕೊಂಡು ಹಳೇದರವರ ಸಾಲಿನಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಮೇಷ್ಟ್ರಿಗೆ ವಯಸ್ಸಾಗಿತ್ತು, ಮೈಕು ಹಿಡಿದರೆ ದನಿ ಮಾತ್ರ ಹಾಗೇ ಇತ್ತು.

"ಆ ಕಾಲದಲ್ಲಿ ಎಂತೆಂತಾ ಕಲ್ಪನೆ ಇತ್ತು!" ಎಂದರು. "ನಮ್ ಮದ್ಯೆನೇ ಒಬ್ಳು ಎಣ್ಮಗ್ಳಿದ್ಲು. ತಾಮ್ರಯ್ಯನ ಬಾಯಲ್ಲಿ ನಮ್ಮೂರ ಮಾತು ಆಡ್ಸಿದ್ಲು, ನಮ್ಮ ಮಣ್ಣಿನ ಮಾತು! ನಾವು ಬೆನ್ನು ತಟ್ಟಿ ಬರೆಸ್ದೋ. ಈಗಿನೋರ್ಗೆ ಎಲ್ಲಿ ಬತ್ತದೆ ಅಂತಾ ಒಸತನ?"

ಹಾಲ್ ತುಂಬ ಚಪ್ಪಾಳೆ. ಬೆನ್ನು ತಟ್ಟಿದರಂತೆ. ಕೆಳಗಿಳಿದ ಮೇಷ್ಟ್ರು ನನ್ನನ್ನು ಗುರುತು ಹಿಡಿದು ಭುಜ ಅಮುಕಿ, "ನಾಗ, ಆ ಅಳೇ ಕತೆ ನಿನ್ನತ್ರ ಅದಾ? ಇದ್ರೆ ಕೊಡ್ಲಾ, ನೆನಪಿನ ಸಂಚಿಕೇಲಿ ಆಕನ" ಎಂದರು. ಕೇಳಿ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಗೃಹಪ್ರವೇಶದ ಮನೆಯಲ್ಲಿ ಮಂಜುಳಾಳ ನಂಬರು ಸಿಕ್ಕಿತ್ತು. ಅವಳು ಈಗ ಊರಿನ ಅಂಗನವಾಡಿಯಲ್ಲಿದ್ದಾಳೆ.

"ಅಲೋ" ಎಂದಳು. ಹಿಂದೆ ಮಕ್ಕಳ ಗದ್ದಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ಬೆನ್ನು ತಟ್ಟಿದ್ದನ್ನೂ. ಅವಳು ನಕ್ಕಳು.

"ಈಗ ಅದೂ ಅಳೇದಾಯ್ತಲ್ಲ ಅಣ್ಣ, ಅದ್ಕೇ ಒಳ್ಳೇದಾಗ್ಬುಟ್ಟದೆ."

ಹಾಳೆಗಳು ಇನ್ನೂ ಇದ್ದಾವಾ ಎಂದು ಕೇಳಿದೆ.

"ಅವೆ. ಕೊಡಕಿಲ್ಲ."

ಆಮೇಲೆ ಮಕ್ಕಳನ್ನು ಗದರಿ ಸುಮ್ಮನಾಗಿಸಿದಳು. ಫೋನಿನಲ್ಲಿ ಉಸಿರೆಳೆದುಕೊಳ್ಳುವ ಸದ್ದು ಕೇಳಿಸಿತು. ಅವಳು ಅಂಗೈಯನ್ನು ಬಾಯಿಯ ಮುಂದೆ ಹಿಡಿದಿದ್ದಾಳೆ ಎಂದು ನನಗೆ ಗೊತ್ತಿತ್ತು.

"ಹೂ" ಎಂದಳು.

ಲೈನು ಚೆನ್ನಾಗಿತ್ತು. ಅಕ್ಷರ ಪೂರ್ತಿ ಬಂತು.

ಒಳಗೆ ಹೋದೆ. ಊಟಕ್ಕೆ ಎಲೆ ಹಾಕುತ್ತಿದ್ದರು. ಮೇಷ್ಟ್ರು ಎಲೆಯ ಮುಂದಿನಿಂದಲೇ, "ಏನ್ಲಾ, ಅದಂತಾ ಆ ಅಳೇದು?" ಎಂದು ಕೂಗಿದರು. ನಾನು ಅವರ ಎದುರಿಗೆ ಹೋಗಿ, ನಾಲ್ಕು ಜನ ನೋಡುತ್ತಿದ್ದರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡೆ. ಉಸಿರು ಕೈಗೆ ಬೆಚ್ಚಗೆ ತಾಗಬೇಕು, ಹಾಗೆ ಹೇಳಿದೆ:

"ಅದು ಹಳೇದಲ್ಲ ಮೇಷ್ಟ್ರೇ. ಹೊಸದು."

"ಒಸದಾ?" ಎಂದು ಮೇಷ್ಟ್ರು ಮುಖ ಸಿಂಡರಿಸಿ, ಪಾಯಸದವನನ್ನು ಕರೆದರು.